ಮನೆಯ ಜೊತೆ ಬೀದಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಫ್ಲ್ಯಾಟ್ ಕೊಳ್ಳುವವರು ಚದರಡಿಗೆ ಎಷ್ಟು, ಬಡ್ಡಿ ಎಷ್ಟು ಎಂದು ಕೇಳುತ್ತಾರೆ. ಬಾಗಿಲು ದಾಟಿದ ಮೇಲೆ ಪ್ರತಿ ತಿಂಗಳು ಎಷ್ಟು ಖರ್ಚಾಗುತ್ತದೆ, ಎಷ್ಟು ಉಳಿಯುತ್ತದೆ ಎಂದು ಕೂಡಿ ಕಳೆದು ನೋಡುವವರು ಕಡಿಮೆ. ಬೆಂಗಳೂರಿನ ವಿ.ವಿ. ಪುರದಲ್ಲಿ, ಸಜ್ಜನ್‌ರಾವ್ ವೃತ್ತಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಹಳೆಯ ಕಟ್ಟಡವೊಂದರ ಎರಡು ಬೆಡ್‌ರೂಮಿನ ಫ್ಲ್ಯಾಟನ್ನು ನಾವು ಕೊಂಡದ್ದು ಆ ಲೆಕ್ಕ ಹಾಕಿದ ಮೇಲೆಯೇ. ಅದೇ ದುಡ್ಡಿಗೆ ಊರ ಹೊರಗೆ ಮೂರು ಬೆಡ್‌ರೂಮಿನ ಹೊಸ ಮನೆ, ಜೊತೆಗೆ ಈಜುಕೊಳ, ಕ್ಲಬ್‌ಹೌಸ್ ಸಿಗುತ್ತಿದ್ದವು. ನೆಂಟರೆಲ್ಲ ಅದನ್ನೇ ಕೊಳ್ಳಿ ಎಂದರು. ನನ್ನ ಲೆಕ್ಕದ ಪುಸ್ತಕ ಬೇರೆಯೇ ಹೇಳಿತು.

ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ಪ್ರತಿ ಲಕ್ಷದ ಮೇಲೆ ತಿಂಗಳ ಕಂತು ಸುಮಾರು 868 ರೂಪಾಯಿ. ಇದನ್ನೇ ತಿರುಗಿಸಿ ನೋಡಿ: ತಿಂಗಳಿಗೆ ಉಳಿಯುವ ಪ್ರತಿ ಸಾವಿರ ರೂಪಾಯಿ 1.15 ಲಕ್ಷ ಸಾಲದ ಕಂತು ಕಟ್ಟಬಲ್ಲದು. ಹೊರವಲಯದಲ್ಲಿ ಬಾಡಿಗೆಗಿದ್ದಾಗ ನಮಗೆ ಕಾರಿಲ್ಲದೆ ಹಾಲೂ ಬರುತ್ತಿರಲಿಲ್ಲ. ಕಾರಿನ ಕಂತು, ಪೆಟ್ರೋಲು, ವಿಮೆ, ಸರ್ವಿಸ್ ಎಲ್ಲ ಸೇರಿ ತಿಂಗಳಿಗೆ 18,000 ರೂಪಾಯಿ ಹೋಗುತ್ತಿತ್ತು. ಅಂದರೆ 20 ಲಕ್ಷಕ್ಕೂ ಮಿಕ್ಕಿದ ಗೃಹಸಾಲದ ಕಂತು ಚಕ್ರದಡಿ ಸವೆಯುತ್ತಿತ್ತು. ಇಲ್ಲಿಗೆ ಬಂದ ಮೇಲೆ ಕಾರು ಮಾರಿದೆವು. ಯಜಮಾನರು ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮೆಟ್ರೋ ಹತ್ತುತ್ತಾರೆ. ನಾನು ಶಕ್ತಿ ಯೋಜನೆಯ ಉಚಿತ ಟಿಕೆಟಿನಲ್ಲಿ ಬಿಎಂಟಿಸಿ ಬಸ್ಸು ಹಿಡಿಯುತ್ತೇನೆ. ಅತ್ತೆಯವರು ಬೆಳಿಗ್ಗೆ ಲಾಲ್‌ಬಾಗಿಗೆ, ಸಂಜೆ ದೇವಸ್ಥಾನಕ್ಕೆ ಯಾರನ್ನೂ ಕಾಯದೆ ತಾವೇ ಹೋಗಿಬರುತ್ತಾರೆ. ಆ ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟಲು ನನಗೆ ಬಾರದು. ಆದರೆ ಅದಿಲ್ಲದಿದ್ದಾಗ ಆಟೋಗೆ ಎಷ್ಟು ಕೊಡುತ್ತಿದ್ದೆವು ಎಂಬುದು ಪುಸ್ತಕದಲ್ಲಿದೆ.

ನೀರಿನದೂ ದುಡ್ಡಿನ ವಿಷಯವೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಹೊರವಲಯದ ಅಪಾರ್ಟ್‌ಮೆಂಟುಗಳು ಟ್ಯಾಂಕರಿಗೆ ಸುರಿದ ಹಣ ತಿಂಗಳ ನಿರ್ವಹಣಾ ಶುಲ್ಕದಲ್ಲೇ ಕಾಣಿಸಿಕೊಂಡಿತು. ಹಳೆಯ ಬಡಾವಣೆಯಲ್ಲಿ ಕಾವೇರಿ ನೀರಿನ ಸಂಪರ್ಕವಿದೆ. ಹಾಗಿದ್ದರೂ ಯಾವ ಯಾವ ದಿನ ನೀರು ಬಿಡುತ್ತಾರೆ, ಸಂಪಿನ ಅಳತೆ ಎಷ್ಟು ಎಂದು ಕೇಳಿಯೇ ಮುಂದುವರಿಯಿರಿ.

ಇನ್ನು ಬೀದಿ ಕಸಿದುಕೊಳ್ಳುವುದನ್ನೂ ಬರೆಯಬೇಕು. ವಿ.ವಿ. ಪುರದ ತಿಂಡಿ ಬೀದಿ ಸಂಜೆ ಶುರುವಾದರೆ ರಾತ್ರಿಯವರೆಗೂ ಜನಜಂಗುಳಿ. ಅವರೆಕಾಯಿ ಕಾಲದಲ್ಲಿ, ಶನಿವಾರ ಭಾನುವಾರಗಳಲ್ಲಿ ಸ್ಕೂಟರು ನಿಲ್ಲಿಸಲೂ ಜಾಗ ಸಿಗದು. ವಸತಿ ಪ್ರದೇಶದಲ್ಲಿ ರಾತ್ರಿ ಶಬ್ದ 45 ಡೆಸಿಬಲ್ ಮೀರಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆದರೆ ನಿಮ್ಮ ನಿದ್ದೆ ಕಾಯುವುದು ನಿಯಮವಲ್ಲ, ನಿಮ್ಮ ಮಲಗುವ ಕೋಣೆ ಯಾವ ಕಡೆಗಿದೆ ಎಂಬುದು. ಆದ್ದರಿಂದಲೇ ನಾವು ಕೊಳ್ಳುವ ಮೊದಲು ಇದೇ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಗಣೇಶನ ಹಬ್ಬ, ಮಳೆಗಾಲದ ಚರಂಡಿ, ಬೇಸಿಗೆಯ ನೀರು, ವಾರಾಂತ್ಯದ ಗದ್ದಲ ಎಲ್ಲವನ್ನೂ ಬಾಡಿಗೆದಾರರಾಗಿ ನೋಡಿದೆವು. ಹಾಗಾಗಿ ಕೊಳ್ಳುವ ಹೊತ್ತಿಗೆ ಮುಖ್ಯರಸ್ತೆಗೆ ಮುಖ ಮಾಡಿದ, ಹೊಸ ಟೈಲ್ಸ್ ಹಾಕಿಸಿದ ಫ್ಲ್ಯಾಟನ್ನು ಬಿಟ್ಟು ಹಿಂಭಾಗದ, ಬಣ್ಣ ಮಾಸಿದ ಫ್ಲ್ಯಾಟನ್ನು ಆರಿಸುವುದು ಕಷ್ಟವಾಗಲಿಲ್ಲ. ಬಣ್ಣವನ್ನು ಆಮೇಲೆ ಬಳಿಸಬಹುದು, ಕಿಟಕಿಯ ದಿಕ್ಕು ಬದಲಿಸಲಾಗದು.

ಈ ಹಿಂಭಾಗದ ಮನೆಗೆ ಇನ್ನೊಂದು ಗುಣವೂ ಇತ್ತು: ನಿವೇಶನದ ಅವಿಭಜಿತ ಪಾಲು ಹೆಚ್ಚು. ಬ್ರೋಕರುಗಳು ಇದನ್ನು ಯುಡಿಎಸ್ ಎನ್ನುತ್ತಾರೆ. ಕಟ್ಟಡಕ್ಕೆ ವಯಸ್ಸಾಗುತ್ತ ಹೋಗುತ್ತದೆ, ಬೆಲೆ ಏರುವುದು ನೆಲಕ್ಕೆ. ಮುಂದೊಂದು ದಿನ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಬಂದರೆ ಕ್ರಯಪತ್ರದಲ್ಲಿ ಎಷ್ಟು ಚದರಡಿ ನೆಲ ನಿಮ್ಮ ಹೆಸರಿಗಿದೆ ಎಂಬುದೇ ಎದ್ದು ನಿಲ್ಲುವ ಪ್ರಶ್ನೆ. ಒಂದೇ ಅಳತೆಯ ಎರಡು ಫ್ಲ್ಯಾಟುಗಳಿಗೆ ಬೇರೆ ಬೇರೆ ಪಾಲು ಬರೆದಿರುವುದುಂಟು. ಪಾರ್ಕಿಂಗ್ ಜಾಗವೂ ಬಾಯಿಮಾತಿನಲ್ಲಿ ಉಳಿಯದೆ ಪತ್ರದಲ್ಲಿ ಬರಲಿ.

ಕೈಯಿಂದ ಎಷ್ಟು ಹಾಕಬೇಕು ಎಂಬುದನ್ನು 1 ಕೋಟಿ ರೂಪಾಯಿಯ ಫ್ಲ್ಯಾಟಿನ ಮೇಲೆ ನೋಡೋಣ. 75 ಲಕ್ಷ ಮೀರಿದ ಗೃಹಸಾಲವಾದರೆ ಮನೆಯ ಮೌಲ್ಯದ ಶೇ 75ಕ್ಕಿಂತ ಹೆಚ್ಚು ಸಾಲ ಕೊಡಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. 30 ಲಕ್ಷ ಮೀರಿ 75 ಲಕ್ಷದವರೆಗಿನ ಸಾಲಕ್ಕೆ ಶೇ 80. ಈ ಮೌಲ್ಯದಲ್ಲಿ ನೋಂದಣಿ ಖರ್ಚು ಸೇರುವುದಿಲ್ಲ. ಮುದ್ರಾಂಕ ಶುಲ್ಕ ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು 7.6 ಲಕ್ಷ. ಅಂದರೆ 75 ಲಕ್ಷ ಸಾಲ ಸಿಕ್ಕರೂ 32.6 ಲಕ್ಷ ನಿಮ್ಮದೇ ಇರಬೇಕು. ಬ್ರೋಕರು, ವಕೀಲರು, ರಿಪೇರಿ ಇದರ ಮೇಲೆ. ಕಟ್ಟಡ ಹಳೆಯದಾದರೆ ಬ್ಯಾಂಕು ಸಾಲದ ಅವಧಿಯನ್ನೂ ಕಡಿಮೆ ಮಾಡಬಹುದು. ಒಂದು ಸಮಾಧಾನವೆಂದರೆ, ಕಟ್ಟುತ್ತಿರುವ ಫ್ಲ್ಯಾಟಿಗೆ ಸಾಮಾನ್ಯವಾಗಿ ಶೇ 5ರ ಜಿಎಸ್‌ಟಿ ಇದೆ, ಕೈಬದಲಾಗುವ ಹಳೆಯ ಮನೆಗೆ ಇಲ್ಲ. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯಾದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಜವಾಬ್ದಾರಿ.

60 ಲಕ್ಷ ಸಾಲ ಮಾಡಿದರೆ ಮೇಲಿನ ಬಡ್ಡಿಯಲ್ಲಿ ಕಂತು ಸುಮಾರು 52,000 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 42,500 ಬಡ್ಡಿಗೇ ಹೋಗುತ್ತದೆ. 20 ವರ್ಷದಲ್ಲಿ ಕಟ್ಟುವುದು ಸುಮಾರು 1.25 ಕೋಟಿ. ವರ್ಷಕ್ಕೊಂದು ಕಂತು ಹೆಚ್ಚಾಗಿ ಕಟ್ಟುತ್ತ ಬಂದರೆ ಸಾಲ ಮೂರೂವರೆ ವರ್ಷದಷ್ಟು ಮೊದಲೇ ತೀರುತ್ತದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸುವ ವ್ಯಕ್ತಿಗಳ ಮೇಲೆ ಬ್ಯಾಂಕು ದಂಡ ಹಾಕುವಂತಿಲ್ಲ. ಕಾರು ಮಾರಿ ಉಳಿಸಿದ ಹಣವನ್ನು ನಾವು ಇದಕ್ಕೇ ತೊಡಗಿಸಿದ್ದೇವೆ.

ಕಾಗದಪತ್ರಗಳ ಪರಿಶೀಲನೆಯಲ್ಲಿ ಆಸ್ತಿ ವಕೀಲರ ಶುಲ್ಕ ಉಳಿಸಲು ಹೋಗಬೇಡಿ. ಇ-ಖಾತಾ, ಮೂಲಪತ್ರಗಳು, 30 ವರ್ಷದ ಋಣಭಾರ ಪ್ರಮಾಣಪತ್ರ (ಇ.ಸಿ.), ಮಂಜೂರಾದ ನಕ್ಷೆ, ಸ್ವಾಧೀನ ಪ್ರಮಾಣಪತ್ರ ಇಷ್ಟನ್ನೂ ಅವರು ಓದಲಿ. ನಿವಾಸಿಗಳ ಸಂಘದ ಲೆಕ್ಕಪತ್ರವನ್ನು ಮಾತ್ರ ನೀವೇ ಕೇಳಿ ಓದಿ. ಲಿಫ್ಟು ಹಳೆಯದು, ಪೈಪುಗಳಿಗೆ ತುಕ್ಕು, ಸಂಘದ ಖಾತೆಯಲ್ಲಿ ಹಣವಿಲ್ಲ ಎಂದಾದರೆ ಕಡಿಮೆ ಬೆಲೆಗೆ ಸಿಕ್ಕ ಮನೆ ಎರಡೇ ವರ್ಷದಲ್ಲಿ ದುಬಾರಿಯಾಗುತ್ತದೆ.

ಎಲ್ಲರೂ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. 1 ಕೋಟಿಯ ಮನೆಗೆ 30,000 ಬಾಡಿಗೆ ಬಂದರೆ ಅದು ವರ್ಷಕ್ಕೆ ಶೇ 3.6 ಆದಾಯ, ಸಾಲದ ಬಡ್ಡಿಯ ಅರ್ಧಕ್ಕಿಂತ ಕಡಿಮೆ. ಐದಾರು ವರ್ಷದಲ್ಲಿ ಊರು ಬಿಡುವ ಸಾಧ್ಯತೆ ಇರುವವರು, ಆರು ತಿಂಗಳ ಮನೆಖರ್ಚು ಬದಿಗಿಡಲಾಗದವರು, ಬಾಡಿಗೆಗೆ ಕೊಡುವುದಕ್ಕೆಂದೇ ಕೊಳ್ಳುವವರು ಇಂಥ ಕಡೆ ಸಾಲ ಮಾಡಬಾರದು. ಅಲ್ಲೇ ಬಾಳುವ, ಆ ಬೀದಿಯನ್ನು ದಿನವೂ ಬಳಸುವ ಕುಟುಂಬಕ್ಕೆ ಮಾತ್ರ ಈ ಬೆಲೆ ಸರಿಹೊಂದುತ್ತದೆ. ಮುಂಗಡ ಕೊಡುವ ಮೊದಲು ಅದೇ ಬೀದಿಯಲ್ಲಿ ಒಂದು ವರ್ಷ ಬಾಡಿಗೆಗಿದ್ದು ನೋಡಿ. ಆ ಬಾಡಿಗೆ ದಂಡವಲ್ಲ, ಇಡೀ ವ್ಯವಹಾರದಲ್ಲಿ ನೀವು ಮಾಡುವ ಅತ್ಯಂತ ಲಾಭದ ಖರ್ಚು.