ಕೊಟ್ಟಿಗೆ ಭದ್ರವಾಯಿತು, ಕರು ಕೆಮ್ಮಿತು

ನಮ್ಮದು ಚಳ್ಳಕೆರೆ ಸೀಮೆಯ ಖುಷ್ಕಿ ಜಮೀನು, ಆರೆಕರೆ. ಶೇಂಗಾ, ತೊಗರಿ, ಒಂದಿಷ್ಟು ಸಜ್ಜೆ. ಮಳೆ ಕೈಕೊಟ್ಟ ವರ್ಷ ಹಾಲಿನ ದುಡ್ಡೇ ಗತಿ. ನಾನು ಓದಿದ್ದು ಏಳನೇ ಕ್ಲಾಸು. ಒಂದು ಹೆಣ್ಣುಗರು ಕಳೆದುಕೊಂಡ ಮೇಲೆ ಕೊಟ್ಟಿಗೆಯ ಗಾಳಿಯ ಬಗ್ಗೆ ಡಾಕ್ಟರನ್ನು ಕೇಳಿ, ಕೈಯಾರೆ ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮಪ್ಪನ ಕಾಲದ ಮಾಳಿಗೆ ಮನೆಯಲ್ಲಿ ದನಗಳೂ ಮನೆಯೊಳಗೇ ಇರುತ್ತಿದ್ದವು. ಮುಂದಿನ ಅಂಕಣದಲ್ಲಿ ಎತ್ತು, ಹಸು, ಒಳಗೆ ನಾವು. ಮೇಲೆ ಗವಾಕ್ಷಿ. ಅದು ಬೆಳಕಿಗೆ ಮಾತ್ರ ಅಂತ ನಾನು ಬಹಳ ವರ್ಷ ತಿಳಿದಿದ್ದೆ. ದನಗಳ ಉಸಿರಿನ ಬಿಸಿ, ಒಲೆಯ ಹೊಗೆ ಎಲ್ಲ ಅಲ್ಲಿಂದಲೇ ಮೇಲಕ್ಕೆ ಹೋಗುತ್ತಿತ್ತು ಅನ್ನೋದು ತಲೆಗೆ ಹೊಳೆದದ್ದು ಐವತ್ತು ದಾಟಿದ ಮೇಲೆ.

2019ರಲ್ಲಿ ಸಾಲ ಮಾಡಿ ಒಂದು ಸೀಮೆಹಸು ತಂದೆ. ಅದಕ್ಕಾಗಿ ಹೊಸ ಕೊಟ್ಟಿಗೆ ಕಟ್ಟಿಸಿದೆ. ಉದ್ದ 20 ಅಡಿ, ಅಗಲ 14 ಅಡಿ, ಸಿಮೆಂಟ್ ಇಟ್ಟಿಗೆ ಗೋಡೆ, ಎರಡು ಕಡೆ ಇಳಿಜಾರಿನ ಸಿಮೆಂಟ್ ಶೀಟು. ಆ ವರ್ಷ ಪಕ್ಕದ ಹಟ್ಟಿಯಲ್ಲಿ ಚಿರತೆ ಮೇಕೆ ಎತ್ತಿಕೊಂಡು ಹೋಗಿತ್ತು. ಹಾಗಾಗಿ ಗೋಡೆಯನ್ನು ಶೀಟಿನ ತನಕ ಎಬ್ಬಿಸಿ, ಸಂದುಗಳಿಗೆಲ್ಲ ಗಾರೆ ಮೆತ್ತಿಸಿ, ಕಬ್ಬಿಣದ ಬಾಗಿಲು ಹಾಕಿಸಿದೆ. ಒಂದು ಸಣ್ಣ ಕಿಟಕಿ. ನೋಡಿದವರೆಲ್ಲ ‘ಮನೆಗಿಂತ ಕೊಟ್ಟಿಗೆ ಭದ್ರ’ ಅಂದರು. ನನಗೂ ಹೆಮ್ಮೆಯಾಯಿತು.

ಚಳಿ ಬಂತು. ಕರುವಿಗೆ ಥಂಡಿಯಾದೀತೆಂದು ಕಿಟಕಿಗೆ ಗೋಣಿಚೀಲ ಕಟ್ಟಿದೆ. ಸೊಳ್ಳೆಗೆ ಅಂತ ಒಂದು ಬಾಂಡಲಿಯಲ್ಲಿ ಕುಳ್ಳು, ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸಿ ಬಾಗಿಲು ಎಳೆದುಕೊಂಡು ಬರುತ್ತಿದ್ದೆ. ನಮ್ಮ ಮನೆಯವಳು ಬೆಳಿಗ್ಗೆ ಐದಕ್ಕೆ ಹಾಲು ಕರೆಯಲು ಹೋಗುವವಳು. ಎರಡು ವಾರದಲ್ಲೇ ಹೇಳಿದಳು, ‘ಒಳಗೆ ಹೋದ್ರೆ ಕಣ್ಣು ಉರೀತವೆ ಕಣ್ರೀ, ಗಂಟಲು ಕಟ್ಟುತ್ತೆ.’ ‘ದನದ ಕೊಟ್ಟಿಗೆ ಇನ್ನೇನು ಮಲ್ಲಿಗೆ ವಾಸನೆ ಬರುತ್ತಾ?’ ಅಂದುಬಿಟ್ಟೆ. ಆ ಮಾತು ಈಗಲೂ ಚುಚ್ಚುತ್ತದೆ.

ಪುಷ್ಯ ಮಾಸದಲ್ಲಿ ಕರು ಕೆಮ್ಮಲು ಶುರು ಮಾಡಿತು. ಮೂಗಲ್ಲಿ ಸಿಂಬಳ, ಕಣ್ಣಲ್ಲಿ ನೀರು. ನೆಗಡಿ ಅಂತ ಮನೆ ಮದ್ದು ಮಾಡುತ್ತ ನಾಲ್ಕು ದಿನ ಕಳೆದೆ. ಡಾಕ್ಟರು ಬರುವ ಹೊತ್ತಿಗೆ ಜ್ವರ ಏರಿತ್ತು, ಪಕ್ಕೆ ಬಡಿದುಕೊಳ್ಳುತ್ತಿತ್ತು. ನ್ಯುಮೋನಿಯಾ ಅಂದರು. ಇಂಜೆಕ್ಷನ್ ಕೊಟ್ಟರೂ ಮೂರನೇ ದಿನ ಹೋಯಿತು. ಎರಡು ತಿಂಗಳ ಹೆಣ್ಣುಗರು.

ಅವತ್ತು ಡಾಕ್ಟರು ಮಾಡಿದ್ದು ಒಂದೇ ಕೆಲಸ. ‘ಯಜಮಾನ್ರೇ, ಕರು ಮಲಗೋ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತ್ಕೊಳ್ಳಿ. ಐದು ನಿಮಿಷ ಉಸಿರಾಡಿ’ ಅಂದರು. ಕೂತೆ. ಎರಡು ನಿಮಿಷಕ್ಕೆ ಕಣ್ಣಲ್ಲಿ ನೀರು ಬಂತು, ಎದ್ದುಬಿಟ್ಟೆ. ‘ನೀವು ಎರಡು ನಿಮಿಷಕ್ಕೆ ಎದ್ರಿ, ಅದು ರಾತ್ರಿ ಪೂರಾ ಇಲ್ಲೇ ಇತ್ತು’ ಅಂದರು.

ಆ ಘಾಟು ಏನು?

ಅದು ಅಮೋನಿಯಾ. ಈಗ ತಾನೇ ಹೊಯ್ದ ಗಂಜಲದಲ್ಲಿ ಅಷ್ಟು ಘಾಟಿರುವುದಿಲ್ಲ. ಗಂಜಲದಲ್ಲಿ ಯೂರಿಯಾ ಇದೆ. ಅಂಗಡಿಯಿಂದ ತರುವ ಚೀಲದಲ್ಲಿರುವ ಯೂರಿಯಾ ಕೂಡ ಅದೇ ವಸ್ತು. ಸಗಣಿಯಲ್ಲಿ, ನೆಲದಲ್ಲಿ ಇರುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಗಂಜಲ, ಸಗಣಿ ಎರಡೂ ಕಲಸಿಕೊಂಡು ಒದ್ದೆಯಾಗಿ ಬಿದ್ದಿದ್ದರೆ ಈ ಕೆಲಸ ಜೋರು. ಅಮೋನಿಯಾ ಗಾಳಿಗಿಂತ ಹಗುರ, ದಾರಿ ಇದ್ದರೆ ಮೇಲೆದ್ದು ಹೋಗುತ್ತದೆ. ನಾನು ದಾರಿಯನ್ನೇ ಮುಚ್ಚಿದ್ದೆ. ಅದು ಹುಟ್ಟುವುದು ನೆಲದಲ್ಲಿ. ಮಲಗಿದ ಕರುವಿನ ಮೂಗಿಗೂ ನೆಲಕ್ಕೂ ಒಂದು ಗೇಣು ಅಂತರ.

ಉಸಿರಿನ ಕೊಳವೆಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆಯಂತೆ. ಧೂಳು, ರೋಗಾಣು ಒಳಗೆ ಬಂದರೆ ಲೋಳೆಯ ಜೊತೆ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಅಮೋನಿಯಾ, ಹೊಗೆ ಎರಡೂ ಅವುಗಳನ್ನು ಸೋಲಿಸುತ್ತವೆ. ಆಮೇಲೆ ರೋಗಾಣು ನೇರ ಶ್ವಾಸಕೋಶಕ್ಕೆ. ಅಂದರೆ ಕರು ಸತ್ತದ್ದು ಥಂಡಿಯಿಂದಲ್ಲ, ಥಂಡಿ ತಪ್ಪಿಸಲು ನಾನು ಮಾಡಿದ ಉಪಾಯವೇ ರೋಗಕ್ಕೆ ಬಾಗಿಲು ತೆರೆದದ್ದು. ಮೈ ಒಣಗಿದ್ದು, ಹೊಟ್ಟೆ ತುಂಬ ಹಾಲು ಕುಡಿದು, ಮಲಗಲು ಒಣಹುಲ್ಲು ಇದ್ದರೆ ನಮ್ಮ ಕಡೆಯ ಚಳಿಯನ್ನು ಕರು ತಡೆಯುತ್ತದೆ. ನೇರ ಮೈಮೇಲೆ ಬೀಸುವ ಗಾಳಿ ತಪ್ಪಿಸಿದರೆ ಸಾಕು.

ಸುಣ್ಣದ ಎಡವಟ್ಟು

ಕರು ಸತ್ತ ಮೇಲೆ ಕೊಟ್ಟಿಗೆ ಶುದ್ಧ ಮಾಡಬೇಕು ಅಂತ ಒಂದು ಚೀಲ ಸುಣ್ಣ ತಂದು ಒದ್ದೆ ನೆಲದ ಮೇಲೇ ಎರಚಿದೆ. ಅರ್ಧ ಗಂಟೆಯಲ್ಲಿ ಒಳಗೆ ನಿಲ್ಲಲಾಗದಷ್ಟು ಘಾಟು! ಹಸು ತಲೆ ಒದರಿ ಕೂಗಿತು. ಹೊರಗೆ ಕಟ್ಟಿದೆ. ಡಾಕ್ಟರಿಗೆ ಫೋನ್ ಮಾಡಿದರೆ ನಕ್ಕರು. ಗಂಜಲದ ಸಾರ ಒದ್ದೆಯಲ್ಲಿ ಕರಗಿ ಹೇಗೋ ಹಿಡಿದುಕೊಂಡಿರುತ್ತದೆ, ಸುಣ್ಣ ಬಿದ್ದರೆ ಕ್ಷಾರ ಜಾಸ್ತಿಯಾಗಿ ಅದೆಲ್ಲ ಅಮೋನಿಯಾ ಆಗಿ ಒಮ್ಮೆಗೇ ಎದ್ದು ಬರುತ್ತದೆ ಅಂದರು. ಆದ್ದರಿಂದ ಸುಣ್ಣ ಹಾಕುವವರು ಮೊದಲು ದನ ಹೊರಗೆ ಕಟ್ಟಿ, ಸಗಣಿ ಬಳಿದು, ನೆಲ ತೊಳೆದು ಒಣಗಿಸಿ, ಆಮೇಲೆ ಬಳಿಯಿರಿ. ಒಣಗಿದ ಮೇಲೇ ದನ ಒಳಗೆ ತನ್ನಿ. ಗೊಬ್ಬರದ ಗುಂಡಿಗೂ ಸುಣ್ಣ ಬೇಡ, ಸಾರ ಹಾರಿಹೋಗುತ್ತದೆ. ಸೂಪರ್ ಫಾಸ್ಫೇಟ್ ಆದರೆ ಅಮೋನಿಯಾವನ್ನು ಹಿಡಿದಿಡುತ್ತದೆ. ನಾನು ದನ ನೆಕ್ಕದ ಹಾಗೆ ಹೊರಗಿನ ಕಾಲುವೆಗೆ, ಗುಂಡಿಗೆ ಒಂದೆರಡು ಹಿಡಿ ಹಾಕುತ್ತೇನೆ.

ಸಾರ ಅಂದೆನಲ್ಲ, ಅದರ ಲೆಕ್ಕವನ್ನೂ ಹಾಕಿದೆ. ಹಸು ದಿನಕ್ಕೆ 10 ಲೀಟರ್ ಗಂಜಲ ಹೊಯ್ದರೆ, ಲೀಟರಿಗೆ 8 ಗ್ರಾಂ ಸಾರಜನಕ ಅಂತ ಹಿಡಿದರೂ ವರ್ಷಕ್ಕೆ 29 ಕಿಲೋ ಆಯಿತು. 45 ಕಿಲೋ ಯೂರಿಯಾ ಚೀಲದಲ್ಲಿರುವುದು 20 ಕಿಲೋ ಚಿಲ್ಲರೆ. ಅಂದರೆ ಸುಮಾರು ಒಂದೂವರೆ ಚೀಲ. ಹೊಲಕ್ಕೆ ಹೋಗಬೇಕಾದ್ದು ಕರುವಿನ ಎದೆಗೆ ಹೋಗುತ್ತಿತ್ತು. ಮಳೆ ಆಶ್ರಯದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಮಾಡಿದ ಬದಲಾವಣೆ

ಮೊದಲು ಕೈ ಹಾಕಿದ್ದು ನೆತ್ತಿಗೆ. ಎರಡು ಕಡೆಯ ಶೀಟು ಕೂಡುವಲ್ಲಿ ಮುಚ್ಚಿದ್ದ ತುಂಡುಗಳನ್ನು ಬಿಚ್ಚಿ, ಕೆಳಗೆ ಮರದ ತುಂಡು ಕೊಟ್ಟು ಎತ್ತಿ ಕೂರಿಸಿದೆವು. ಅಗಲ 10 ಅಡಿ ಇದ್ದರೆ ನೆತ್ತಿಯಲ್ಲಿ 2 ಇಂಚು ಬಾಯಿ ಇರಬೇಕು ಅನ್ನೋದು ಲೆಕ್ಕ. ನಮ್ಮ 14 ಅಡಿಗೆ 3 ಇಂಚು ಬಿಟ್ಟೆ. ಶೀಟು ಕೊಯ್ಯಲು ಹೋಗಬೇಡಿ. ಹಳೆಯ ಆಸ್ಬೆಸ್ಟಾಸ್ ಶೀಟಿನ ಪುಡಿ ಮನುಷ್ಯನ ಶ್ವಾಸಕೋಶಕ್ಕೇ ಕಂಟಕ.

ಬಿಸಿ ಗಾಳಿ ಮೇಲೆ ಹೋಗಬೇಕಾದರೆ ಕೆಳಗಿಂದ ಹೊಸ ಗಾಳಿ ಬರಬೇಕು. ಉದ್ದದ ಎರಡೂ ಗೋಡೆಗಳನ್ನು ನಾಲ್ಕೂವರೆ ಅಡಿ ಉಳಿಸಿ ಮೇಲಿನ ಇಟ್ಟಿಗೆ ಸಾಲು ಬಿಚ್ಚಿದೆವು. ಶೀಟು ಹೊತ್ತ ಕಂಬಗಳು ಬೇರೆ ಇದ್ದದ್ದು ಒಳ್ಳೆಯದಾಯಿತು. ಗೋಡೆಯ ಮೇಲೇ ಶೀಟು ಕೂತಿದ್ದರೆ ಗಾರೆಯವನನ್ನು ಕೇಳದೆ ಬಿಚ್ಚಬಾರದು. ಬಿಚ್ಚಿದ ಜಾಗಕ್ಕೆ ಗಟ್ಟಿ ಕಬ್ಬಿಣದ ಜಾಲರಿ ಹೊಡೆಸಿದೆ. ಚಿರತೆಗೆ ಬೇಲಿ, ಗಾಳಿಗೆ ದಾರಿ. ನನಗೆ ಬಿದ್ದ ಖರ್ಚು ಜಾಲರಿಗೆ ಮತ್ತು ಒಂದು ದಿನದ ಕೂಲಿಗೆ ಮಾತ್ರ. ಪಶು ಆಸ್ಪತ್ರೆಗೆ ಹೋದಾಗ ನೋಡಿ, ನಮ್ಮ ಕಡೆ ದನ ನಿಲ್ಲಿಸಿ ಚಿಕಿತ್ಸೆ ಮಾಡುವ ಕಟಕಟೆ ಇರುವುದು ನಾಲ್ಕೂ ಕಡೆ ಬಯಲಾದ ಚಪ್ಪರದ ಕೆಳಗೆ. ರೋಗದ ದನಗಳೇ ಒಟ್ಟು ಸೇರುವ ಜಾಗ ಅದು. ನಾನು ಎಷ್ಟು ಸಲ ಹೋಗಿದ್ದರೂ ಅದನ್ನು ಗಮನಿಸಿರಲಿಲ್ಲ.

ನೆಲದ ಇಳಿಜಾರನ್ನು ನಾಲ್ಕಡಿಗೆ ಒಂದು ಇಂಚಿನ ಹಾಗೆ ತಿದ್ದಿಸಿ ಗಂಜಲ ಸೀದಾ ಹೊರಗಿನ ಗುಂಡಿಗೆ ಹರಿಯುವಂತೆ ಮಾಡಿದೆ. ಕರುವಿನ ಜಾಗಕ್ಕೆ ಒಣ ಕೆಮ್ಮಣ್ಣು, ಅದರ ಮೇಲೆ ಹುಲ್ಲು. ಒದ್ದೆಯಾದ ಮಣ್ಣು ದಿನಾ ಗುಂಡಿಗೆ ಹೋಗುತ್ತದೆ, ಅದೂ ಗೊಬ್ಬರವೇ. ಬೂಷ್ಟು ಹಿಡಿದ ಶೇಂಗಾ ಹೊಟ್ಟನ್ನು ಒಳಗೆ ಒದರುವುದು ಬಿಟ್ಟಿದ್ದೇವೆ, ಆ ಧೂಳು ದನಕ್ಕೂ ಕೆಟ್ಟದ್ದು, ಒದರುವವರಿಗೂ ಕೆಟ್ಟದ್ದು. ಹೊಗೆ ಮಾತ್ರ ಬಿಡಲು ಮನಸ್ಸು ಬರಲಿಲ್ಲ. ನಮ್ಮಪ್ಪ ಹಾಕುತ್ತಿದ್ದ ಹೊಗೆಗೆ ಗವಾಕ್ಷಿ ಇತ್ತಲ್ಲ! ಈಗ ಮುಸ್ಸಂಜೆ ಹೊರಗೆ ಒಂದಿಷ್ಟು ಹೊತ್ತು ಹಾಕಿ ಆರಿಸುತ್ತೇವೆ. ಕರುವಿಗೆ ಹಳೇ ಸೊಳ್ಳೆ ಪರದೆ.

ನಿಮ್ಮ ಕೊಟ್ಟಿಗೆ ನೋಡಿಕೊಳ್ಳಿ

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಿ ಕರುವಿನ ಎತ್ತರಕ್ಕೆ ಕೂತು ಉಸಿರಾಡಿ. ತಡಮಾಡಿದರೆ ಮೂಗು ಒಗ್ಗಿಹೋಗುತ್ತದೆ, ವಾಸನೆ ಇಲ್ಲ ಅನ್ನಿಸುತ್ತದೆ. ಶೀಟಿನ ಒಳಮೈಯಿಂದ ನೀರು ಹನಿಯುತ್ತಿದ್ದರೆ ರಾತ್ರಿಯ ಉಸಿರೆಲ್ಲ ಅಲ್ಲೇ ನಿಂತಿದೆ ಅಂತ. ಒಣಹುಲ್ಲಿನಿಂದ ದೂರ ಒಂದು ಊದುಬತ್ತಿ ಹಿಡಿದು ನೋಡಿ, ಹೊಗೆ ಮೇಲೆ ಹೋಗುತ್ತದೋ ಅಲ್ಲೇ ಸುತ್ತುತ್ತದೋ ಗೊತ್ತಾಗುತ್ತದೆ. ತಂಪು ಹೊತ್ತಿನಲ್ಲಿ ಸುಮ್ಮನೆ ಮಲಗಿದ ಕರುವಿನ ಪಕ್ಕೆ ನಿಮಿಷಕ್ಕೆ 40 ಸಲಕ್ಕಿಂತ ಹೆಚ್ಚು ಆಡಿದರೆ ನನ್ನ ಹಾಗೆ ನಾಲ್ಕು ದಿನ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಕೆಲಸ ಮಾಡುವ ಹೆಂಗಸರು ಕಣ್ಣುರಿ ಅಂದರೆ ಅದನ್ನೂ ಕೇಳಿ.

ಆಮೇಲೆ ಹುಟ್ಟಿದ ಎರಡು ಕರುಗಳಲ್ಲಿ ಒಂದು ಈಗ ಗಬ್ಬವಾಗಿದೆ. ಉಳಿದಿರುವ ತೊಂದರೆ ಮಳೆಯದು. ಮುಂಗಾರಿನಲ್ಲಿ ಪಡುವಣ ಗಾಳಿಗೆ ಇರಚಲು ಜಾಲರಿಯಿಂದ ಒಳಗೆ ಬರುತ್ತದೆ. ಆ ಕಡೆಗೆ ಮಾತ್ರ ಸುತ್ತಿ ಮೇಲೆ ಕಟ್ಟುವಂಥ ಟಾರ್ಪಾಲು ಹಾಕಿದ್ದೇನೆ, ಮಳೆ ನಿಂತ ಕೂಡಲೇ ಎತ್ತುತ್ತೇವೆ. ಇದಕ್ಕಿಂತ ಸುಲಭದ ಉಪಾಯ ಮಾಡಿದವರಿದ್ದರೆ ಪತ್ರಿಕೆಗೆ ಬರೆಯಿರಿ.