ಹಿಂದೆ ಕುದುರೆ ನಿಂತಿದೆ

ಇಂಗ್ಲೆಂಡಿನಲ್ಲಿ ನೆಲೆಸಿ, ಮಗಳ ಕುದುರೆಗೆಂದು ಮೊದಲ ಸಲ ಕಾರಿಗೆ ಟ್ರೇಲರ್ ಕಟ್ಟುತ್ತಿರುವ ಕನ್ನಡಿಗರಿಗೆ ಒಂದೆರಡು ಮಾತು.

2021ರ ಡಿಸೆಂಬರ್ 16ರಿಂದ ಅಲ್ಲಿನ ಕಾರು ಲೈಸೆನ್ಸ್ ಇದ್ದವರು ಬೇರೆ ಪರೀಕ್ಷೆಯಿಲ್ಲದೆ 3,500 ಕಿಲೋವರೆಗಿನ ಟ್ರೇಲರ್ ಎಳೆಯಬಹುದು. ಕಾನೂನು ಒಪ್ಪಿದರೆ ಸಾಲದು, ಕಾರಿಗೂ ತಾಕತ್ತಿರಬೇಕು. ಅದು ಎಳೆಯಬಲ್ಲ ಭಾರವನ್ನು ಕೈಪಿಡಿಯಲ್ಲಿ ನೋಡಿ. ದೊಡ್ಡ ಕುದುರೆಯೊಂದೇ 500 ಕಿಲೋ ದಾಟುತ್ತದೆ, ಟ್ರೇಲರಿನ ತೂಕ ಬೇರೆ.

ಕೊಂಡಿ ಕಳಚಿದರೆ ಟ್ರೇಲರಿನ ಬ್ರೇಕನ್ನು ತಾನೇ ಹಿಡಿಯುವ ತೆಳು ಕೇಬಲ್ ಒಂದಿರುತ್ತದೆ. ಅದನ್ನು ಕಾರಿಗೆ ಸಿಕ್ಕಿಸದೆ ಹೊರಡಬೇಡಿ. ಟ್ರೇಲರಿನ ಹಿಂದೆ ಕಾರಿನದೇ ನಂಬರಿನ ಪ್ಲೇಟ್ ಇರಲಿ. ವೇಗದ ಮಿತಿ ಮೋಟರ್‌ವೇಯಲ್ಲಿ 60 ಮೈಲಿ. ಮೂರು ಲೇನ್ ಇದ್ದಲ್ಲಿ ಬಲತುದಿಯದಕ್ಕೆ ಹೋಗುವಂತಿಲ್ಲ.

ಇನ್ನು ಕುದುರೆಯ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮುಂದೆ ತಿರುವಿದೆಯೆಂದು ಅದಕ್ಕೆ ಕಾಣುವುದಿಲ್ಲ. ನಾಲ್ಕು ಕಾಲೂರಿ, ಮೈ ಬಿಗಿಹಿಡಿದು ನಿಂತಿರುತ್ತದೆ. ತಿರುವಿಗೆ ಮೊದಲೇ ನಿಧಾನಿಸಿ, ತಿರುವು ಪೂರ್ತಿ ಮುಗಿದ ಮೇಲೆ ವೇಗ ಹೆಚ್ಚಿಸಿ. ಒಂದೇ ಕುದುರೆಯಾದರೆ ಬಲಬದಿಗೆ, ಚಾಲಕನ ಹಿಂದೆ ನಿಲ್ಲಿಸಿ. ಏಕೆಂದರೆ ಅಲ್ಲಿನ ರಸ್ತೆ ಎಡಕ್ಕೆ ಇಳಿಜಾರು. ಹತ್ತಿಸುವಾಗ ಹಿಂದಿನ ಅಡ್ಡಪಟ್ಟಿ ಹಾಕಿದ ಮೇಲೆಯೇ ಹಗ್ಗ ಕಟ್ಟಿ. ಇಳಿಸುವಾಗ ಮೊದಲು ಹಗ್ಗ ಬಿಚ್ಚಿ, ಆಮೇಲೆ ಪಟ್ಟಿ ತೆಗೆಯಿರಿ. ಕಟ್ಟಿಹಾಕಿದ ಕುದುರೆ ಹಿಂದಕ್ಕೆ ಜಗ್ಗಿದರೆ ಗಾಬರಿಬಿದ್ದು ಗಾಯ ಮಾಡಿಕೊಳ್ಳುತ್ತದೆ.

ಮೊದಲ ವಾರ ಖಾಲಿ ಟ್ರೇಲರನ್ನೇ ಎಳೆದು ರಿವರ್ಸ್ ಅಭ್ಯಾಸ ಮಾಡಿ.