ಮಗು ತಾಯಿಯ ಹತ್ತಿರ, ಫೀಸು ತಂದೆಯದು: ತೆರಿಗೆ ಕಡಿತ ಪಡೆಯುವುದು ಹೇಗೆ?

ಮಗು ಬಸವನಗುಡಿಯಲ್ಲಿ ತಾಯಿಯ ಜೊತೆ, ತಂದೆ ಮಲ್ಲೇಶ್ವರದ ಬಾಡಿಗೆ ಮನೆಯಲ್ಲಿ. ಶಾಲೆಗೆ ಹಣ ಕಟ್ಟುವವರು ತಂದೆ. ಮಗುವಿನ ಆಧಾರ್, ಜನನ ಪ್ರಮಾಣಪತ್ರ ಮಾತ್ರ ತಾಯಿಯ ಬೀರುವಿನಲ್ಲಿ. ದಾಖಲೆಯಿಲ್ಲವೆಂದು ಇಂಥವರು ಆದಾಯ ತೆರಿಗೆ ಕಾಯ್ದೆಯ 80ಸಿ ಕಲಂನ ಕಡಿತವನ್ನೇ ಬಿಟ್ಟುಬಿಡುವುದುಂಟು. ಬಿಡಬೇಕಾಗಿಲ್ಲ. ಮಗು ಕಡಿತ ಕೇಳುವವರ ಜೊತೆಯಲ್ಲೇ ಇರಬೇಕೆಂದು ಈ ಕಲಂ ಹೇಳುವುದಿಲ್ಲ. ಬೋಧನಾ ಶುಲ್ಕ ಕಟ್ಟಿದವರು ಕಡಿತ ಕೇಳಬಹುದು.

ಮೊದಲು ತೆರಿಗೆ ಪದ್ಧತಿ ನೋಡಿಕೊಳ್ಳಿ. ಈ ಕಡಿತ ಹಳೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ಏನೂ ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯ. ಸಂಬಳದಾರರು ಗಡುವಿನೊಳಗೆ, ಸಾಮಾನ್ಯವಾಗಿ ಜುಲೈ 31ರೊಳಗೆ, ರಿಟರ್ನ್ ಸಲ್ಲಿಸಿ ಹಳೆಯದನ್ನು ಆರಿಸಬೇಕು. ಪಿಎಫ್, ಎಲ್‌ಐಸಿ ಎಲ್ಲ ಸೇರಿ ಮಿತಿ 1.5 ಲಕ್ಷ ರೂಪಾಯಿ. ಶುಲ್ಕವೊಂದನ್ನೇ ನಂಬಿ ಹಳೆ ಪದ್ಧತಿಗೆ ಹೋದರೆ ನಷ್ಟವೂ ಆಗಬಹುದು, ಎರಡೂ ಲೆಕ್ಕ ಹಾಕಿಸಿ ನೋಡಿ.

ಎಡವುವುದು ಹಣ ಕಟ್ಟುವ ರೀತಿಯಲ್ಲಿ. ಜೀವನಾಂಶವೆಂದು ತಾಯಿಯ ಖಾತೆಗೆ ಹಾಕಿದ ಹಣ, ಆಕೆ ಅದರಿಂದಲೇ ಫೀಸು ಕಟ್ಟಿದ್ದರೂ, ನಿಮ್ಮ ಲೆಕ್ಕಕ್ಕೆ ಬರುವುದು ಕಷ್ಟ. ನಿಮ್ಮ ಖಾತೆಯಿಂದ ನೇರವಾಗಿ ಶಾಲೆಗೇ ಕಟ್ಟಿ. ಅದಕ್ಕೆ ಸಾಮಾನ್ಯವಾಗಿ ಮಗುವಿನ ಪ್ರವೇಶ ಸಂಖ್ಯೆ ಸಾಕು. ರಸೀದಿಯಲ್ಲಿ ಬೋಧನಾ ಶುಲ್ಕ ಬೇರೆಯಾಗಿ ನಮೂದಾಗಿರಲಿ. ಡೊನೇಷನ್, ಅಭಿವೃದ್ಧಿ ಶುಲ್ಕ, ವ್ಯಾನಿನ ಹಣ ಇದರಲ್ಲಿ ಸೇರುವುದಿಲ್ಲ.

ರಸೀದಿ ತಾಯಿಯ ಹೆಸರಿನಲ್ಲಿ ಬಂದಿದ್ದರೆ, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆಯಿರಿ. ಹಣ ಕಟ್ಟಿದವರ ಹೆಸರಿರುವ ಪತ್ರ ಕೇಳಿ. ತಂದೆಯೆಂಬುದಕ್ಕೆ ಆಧಾರ ಬೇಕಾದರೆ ಜನನ ನೋಂದಣಾಧಿಕಾರಿಯ ಬಳಿ ಹೋಗಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಜನನ ದಾಖಲೆ ಹುಡುಕಿಸಿ ಪ್ರತಿ ಪಡೆಯಬಹುದು, ಇನ್ನೊಬ್ಬರ ಬೀರುವಿನ ಬೀಗ ತೆರೆಯುವವರೆಗೆ ಕಾಯಬೇಕಿಲ್ಲ.

ರಿಟರ್ನ್‌ನ 80ಸಿ ಭಾಗದಲ್ಲಿ ಮೊತ್ತದ ಜೊತೆ ರಸೀದಿ ಸಂಖ್ಯೆ ತುಂಬಿ. ಕಾಗದಗಳನ್ನು ಲಗತ್ತಿಸುವುದಿಲ್ಲ, ಆದರೆ ಜೋಪಾನವಾಗಿಡಿ: ನೋಟಿಸು ಬಂದಾಗ ಅವೇ ಉತ್ತರ. ತಾಯಿಯೂ ಕೆಲಸದಲ್ಲಿದ್ದರೆ ಇಬ್ಬರೂ ತಾವು ತಾವು ಕಟ್ಟಿದಷ್ಟನ್ನು ಕೇಳಬಹುದು. ಒಂದೇ ರಸೀದಿಯ ಹಣವನ್ನು ಇಬ್ಬರೂ ಪೂರ್ತಿ ತೋರಿಸುವಂತಿಲ್ಲ. ತಪ್ಪು ಮಾಹಿತಿ ಕೊಟ್ಟು ಆದಾಯ ತಗ್ಗಿಸಿದರೆ ಹಾಗೆ ತಗ್ಗಿಸಿದ ಆದಾಯದ ಮೇಲಿನ ತೆರಿಗೆಯ 200% ದಂಡ ಬೀಳಬಹುದು.

2026ರ ಏಪ್ರಿಲ್ 1ರಿಂದಾಚೆಗಿನ ಆದಾಯಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯ. 80ಸಿ ಜಾಗದಲ್ಲಿ 123ನೇ ಕಲಂ ಇದೆ.

ಗಂಡ ಹೆಂಡಿರ ಕೇಸು ಇನ್ನೂ ಸಿದ್ಧಯ್ಯ ರಸ್ತೆಯ ನ್ಯಾಯದೇಗುಲದ ಕೌಟುಂಬಿಕ ನ್ಯಾಯಾಲಯದಲ್ಲಿ ನಡೆಯುತ್ತಿದ್ದರೆ ನಿಮ್ಮ ವಕೀಲರಿಗೆ ಈಗಲೇ ಹೇಳಿ: ಫೀಸನ್ನು ತಂದೆ ನೇರವಾಗಿ ಶಾಲೆಗೆ ಕಟ್ಟತಕ್ಕದ್ದು, ಪ್ರವೇಶ ಸಂಖ್ಯೆ ಮತ್ತು ದಾಖಲೆಗಳ ಪ್ರತಿಯನ್ನು ತಾಯಿ ಒದಗಿಸತಕ್ಕದ್ದು ಎಂಬ ಷರತ್ತು ರಾಜಿ ಒಪ್ಪಂದದಲ್ಲಿ ಸೇರಲಿ.